ರೇಡಿಯೊದಲ್ಲಿ ಹೇಳಿಸಿದರೆ ಗಿರಾಕಿ ಬರ್ತಾರಾ?

ನಮ್ಮ ಮನೆಯ ಸಂಪು ತೊಳೆಯಲು ವರ್ಷಕ್ಕೆರಡು ಸಲ ಒಬ್ಬ ಹುಡುಗ ಬರುತ್ತಾನೆ. ಮೈಸೂರಿನವನೇ. ಒಂದು ಗೂಡ್ಸ್ ಆಟೊ, ಕೆಸರೆಳೆಯುವ ಪಂಪು, ಉದ್ದನೆಯ ಪೈಪು, ಇಬ್ಬರು ಜೊತೆಗಾರರು. ಇಷ್ಟೇ ಅವನ ಬಂಡವಾಳ. ಒಂದು ದಿನ ಕೆಲಸ ಮುಗಿಸಿ, ಕೈಕಾಲು ತೊಳೆದು, ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೇಳಿದ: "ಅಕ್ಕಾ, ನೀವು ರೇಡಿಯೊಗೆ ಬರೀತೀರಲ್ಲ, ನಂದೂ ಒಂದು ಆಡ್ ಹಾಕ್ಸಿದ್ರೆ ಗಿರಾಕಿ ಬರ್ತಾರಾ?"

ಸ್ಥಳೀಯ ಜಾಹೀರಾತುಗಳಿಗೆ ಬರೆದುಕೊಡುವುದು, ಕೆಲವಕ್ಕೆ ದನಿ ಕೊಡುವುದು ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಆದರೂ ಅವನ ಪ್ರಶ್ನೆಗೆ ಹೌದು ಎಂದೋ ಇಲ್ಲ ಎಂದೋ ಒಂದೇ ಮಾತಿನಲ್ಲಿ ಹೇಳಲಾಗಲಿಲ್ಲ. ಯಾಕೆಂದರೆ ಸಂಪು ತೊಳೆಸುವ ಯೋಚನೆ ಯಾರಿಗೂ ದಿನಾ ಬರುವುದಿಲ್ಲ. ಇವತ್ತು ಜಾಹೀರಾತು ಕೇಳಿದವರಿಗೆ ಅವನ ಅಗತ್ಯ ಬೀಳುವುದು ನಾಲ್ಕು ತಿಂಗಳ ಮೇಲೆ, ನಲ್ಲಿಯಲ್ಲಿ ಕೆಂಪು ನೀರು ಬಂದ ದಿನ. ಆ ದಿನ ಅವನ ಹೆಸರು ತಟ್ಟನೆ ನೆನಪಾಗುವಂತೆ ಮಾಡುವುದಷ್ಟೇ ರೇಡಿಯೊ ಮಾಡಬಲ್ಲ ಕೆಲಸ. ಇದನ್ನು ತಿಳಿಯದೆ ಹಣ ಹಾಕಿದವರು ಕೈಸುಟ್ಟುಕೊಂಡಿದ್ದನ್ನು ನೋಡಿದ್ದೇನೆ. ಇದನ್ನು ತಿಳಿಯದೆಯೇ ರೇಡಿಯೊದ ಕಡೆ ತಿರುಗಿಯೂ ನೋಡದವರು ಇನ್ನೂ ಹೆಚ್ಚು.

"ಈಗ ರೇಡಿಯೊ ಯಾರು ಕೇಳ್ತಾರೆ?"

ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದೇ. ಇದರಲ್ಲಿ ಅರ್ಧ ನಿಜವಿದೆ. ಎಷ್ಟೋ ಹೊಸ ಮೊಬೈಲ್‌ಗಳಲ್ಲಿ ಎಫ್‌ಎಂ ಇಲ್ಲ. ಎಲ್ಲ ಫೋನುಗಳಲ್ಲೂ ಎಫ್‌ಎಂ ಕೆಲಸ ಮಾಡುವಂತಿರಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸೂಚಿಸಬೇಕಾಗಿ ಬಂತು. ಇದ್ದ ಫೋನಿನಲ್ಲೂ ಇಯರ್‌ಫೋನಿನ ತಂತಿ ಚುಚ್ಚಬೇಕು, ಆ ತಂತಿಯೇ ಆಂಟೆನಾ. ಹಾಡು ಬೇಕಾದ ಹುಡುಗರು ಆ್ಯಪ್‌ನಲ್ಲಿ ಕೇಳಿಕೊಳ್ಳುತ್ತಾರೆ.

ಉಳಿದರ್ಧ ತಿಳಿಯಬೇಕಾದರೆ ಬೀದಿಗಿಳಿಯಬೇಕು. ಹುಡುಗನನ್ನು ಕರೆದುಕೊಂಡು ಒಂದು ಬೆಳಿಗ್ಗೆ ಏಳೂವರೆಗೆ ಒಂಟಿಕೊಪ್ಪಲಿನ ಅಡ್ಡರಸ್ತೆಗಳಲ್ಲಿ ಸುತ್ತಿದೆ. ಇಸ್ತ್ರಿ ಗಾಡಿಯ ಮೂಲೆಯಲ್ಲಿ, ಇದ್ದಿಲ ಚೀಲದ ಪಕ್ಕ, ರಬ್ಬರ್ ಬ್ಯಾಂಡ್ ಬಿಗಿದ ಒಂದು ಟ್ರಾನ್ಸಿಸ್ಟರ್. ಕಟಿಂಗ್ ಶಾಪಿನಲ್ಲಿ ಕನ್ನಡಿಯ ಮೇಲೊಂದು. ಟೈಲರ್ ಹತ್ತಿರ, ಸ್ಕೂಟರ್ ಗ್ಯಾರೇಜಿನಲ್ಲಿ, ಬೇಕರಿಯ ಒಳಕೋಣೆಯಲ್ಲಿ. ಎರಡು ಮನೆಗಳ ಅಡುಗೆಮನೆ ಕಿಟಕಿಯಿಂದ ಕುಕ್ಕರ್ ಸೀಟಿಯ ಜೊತೆಗೆ ಚಿತ್ರಗೀತೆ. ಕೈ, ಕಣ್ಣು ಎರಡೂ ಕೆಲಸದಲ್ಲಿದ್ದು ಕಿವಿಯೊಂದೇ ಬಿಡುವಾಗಿರುವವರು ಇವರೆಲ್ಲ. ಅಂಥವರು ಚಾನೆಲ್ ಬದಲಿಸುವುದಿಲ್ಲ, ಜಾಹೀರಾತು ಬಂತೆಂದು ಆರಿಸುವುದೂ ಇಲ್ಲ.

ಎಷ್ಟು ಜನ ಕೇಳುತ್ತಾರೆ ಎನ್ನುವುದಕ್ಕಿಂತ ಕೇಳುವವರು ನಿಮ್ಮ ಗಿರಾಕಿಗಳೇ ಎಂಬುದು ದೊಡ್ಡ ಪ್ರಶ್ನೆ. ಸಂಪು ತೊಳೆಸಬೇಕು ಎಂದು ಮನೆಯಲ್ಲಿ ಮೊದಲು ಹೇಳುವುದು ಅಡುಗೆಮನೆಯಲ್ಲಿ ನಿಂತವರು, ಇಲ್ಲವೇ ರಿಟೈರ್ ಆಗಿ ಮನೆಯಲ್ಲಿರುವ ಯಜಮಾನರು. ಇಬ್ಬರೂ ರೇಡಿಯೊದವರೇ. ಹಾಗಾಗಿ ಈ ಹುಡುಗನ ಕಸುಬಿಗೆ ರೇಡಿಯೊ ಹೊಂದುತ್ತದೆ. ಕಾಲೇಜು ಹುಡುಗರಿಗೆ ಲ್ಯಾಪ್‌ಟಾಪ್ ರಿಪೇರಿ ಮಾಡುವವರು ಬಂದು ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಕೇಳುಗರ ಲೆಕ್ಕದ ವಿಷಯದಲ್ಲಿ ಎಚ್ಚರವಿರಲಿ. ಮನೆಮನೆಗೆ ಡೈರಿ ಕೊಟ್ಟು, ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದಿರಿ ಎಂದು ಬರೆಸಿ ಮಾಡುತ್ತಿದ್ದ 'ರ್‍ಯಾಮ್' ಎಂಬ ಅಳತೆ ನಡೆದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು ಎಂಬ ನಾಲ್ಕೇ ನಗರಗಳಲ್ಲಿ. ಸಣ್ಣ ಊರಿನಲ್ಲಿ "ನಮ್ಮದು ಇಷ್ಟು ಲಕ್ಷ ಕೇಳುಗರು" ಎಂದು ಯಾರಾದರೂ ಅಂದರೆ, ಎಣಿಸಿದ್ದು ಹೇಗೆ ಎಂದು ಸಮಾಧಾನವಾಗಿ ಕೇಳಿ.

"ದೊಡ್ಡ ಸ್ಟೇಷನ್ ಆದಷ್ಟೂ ಒಳ್ಳೇದು"

ನನ್ನ ಪ್ರಕಾರ ಅತಿ ದುಬಾರಿ ತಪ್ಪು ಇದು.

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈ 3ರಂದು ರೇಡಿಯೊ ಸಿಟಿಯಿಂದ. ಬೆಂಗಳೂರಿನ ಒಂದು ಎಫ್‌ಎಂ ಯಲಹಂಕದಲ್ಲೂ ಕೇಳುತ್ತದೆ, ಕೆಂಗೇರಿಯಲ್ಲೂ ಕೇಳುತ್ತದೆ, ವೈಟ್‌ಫೀಲ್ಡ್‌ನಲ್ಲೂ ಕೇಳುತ್ತದೆ. ಬನಶಂಕರಿಯಲ್ಲಿ ಫ್ರಿಜ್ ರಿಪೇರಿ ಮಾಡುವವರು ಆ ಟ್ರಾಫಿಕ್ ದಾಟಿ ಯಲಹಂಕಕ್ಕೆ ಹೋಗುತ್ತಾರೆಯೇ? ಹೋಗಲಾಗದ ಬಡಾವಣೆಗಳ ಕಿವಿಗಳಿಗೂ ಸೇರಿಸಿ ದುಡ್ಡು ಕಟ್ಟಬೇಕಾಗುತ್ತದೆ. ಊರು ಸಣ್ಣದಾದಷ್ಟೂ ರೇಡಿಯೊ ಕೇಳಿಸುವ ಸೀಮೆಯೂ ನಿಮ್ಮ ಸ್ಕೂಟರ್ ಓಡಾಡುವ ಸೀಮೆಯೂ ಒಂದೇ ಆಗುತ್ತಾ ಬರುತ್ತವೆ. ಸಣ್ಣ ಸೇವೆಯವರಿಗೆ ಲಾಭ ಇರುವುದು ಅಲ್ಲಿ.

ದರದ ಲೆಕ್ಕ ಹೀಗೆ. ರೇಡಿಯೊದಲ್ಲಿ ಹೊತ್ತನ್ನು ಮಾರುವುದು ಹತ್ತು ಸೆಕೆಂಡಿನ ಅಳತೆಯಲ್ಲಿ. ಲೆಕ್ಕಕ್ಕೆಂದು ಹತ್ತು ಸೆಕೆಂಡಿಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. ಇಪ್ಪತ್ತು ಸೆಕೆಂಡಿನ ಒಂದು ಸ್ಪಾಟ್‌ಗೆ 300. ದಿನಕ್ಕೆ ಆರು ಸಲ, ಮೂವತ್ತು ದಿನ: 54,000. ಮೇಲೆ ಶೇ 18 ಜಿಎಸ್‌ಟಿ ಸೇರಿ 63,720. ಹುಡುಗ ಒಂದು ಸಂಪಿಗೆ ತೆಗೆದುಕೊಳ್ಳುವುದು 1,200. ಕೂಲಿ, ಪೆಟ್ರೋಲು ಕಳೆದು ಕೈಗುಳಿಯುವುದು ಹೆಚ್ಚುಕಡಿಮೆ ಅರ್ಧ. ಅಂದರೆ ಹಾಕಿದ ಹಣ ಮರಳಲಿಕ್ಕೇ ನೂರಕ್ಕೂ ಹೆಚ್ಚು ಸಂಪುಗಳನ್ನು ಹೊಸದಾಗಿ ತೊಳೆಯಬೇಕು. ಕಾಗದದ ಮೇಲೆ ಈ ಲೆಕ್ಕ ಬರೆದು ತೋರಿಸಿದಾಗ ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ರೇಟ್ ಕಾರ್ಡ್ ಕೈಗೆ ಬಂದ ಕೂಡಲೇ ಎಲ್ಲರೂ ಹೀಗೆ ತಮ್ಮ ಕೂಲಿಯ ಲೆಕ್ಕದಲ್ಲಿ ಭಾಗಿಸಿ ನೋಡಲೇಬೇಕು.

"ಆಕಾಶವಾಣಿ ಸರ್ಕಾರದ್ದು, ಸಮುದಾಯ ಬಾನುಲಿ ಸೇವೆಯದ್ದು, ನಮ್ಮಂಥವರದ್ದು ಹಾಕಲ್ಲ"

ಹಾಕುತ್ತಾರೆ. ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಗಿದ್ದೇ 1967ರಲ್ಲಿ. ಖಾಸಗಿ ಎಫ್‌ಎಂ ನಮ್ಮ ರಾಜ್ಯದ ಬೆರಳೆಣಿಕೆಯ ನಗರಗಳಿಗೆ ಸೀಮಿತ. ಹೊಸದಾಗಿ 234 ಊರುಗಳಿಗೆ 730 ಚಾನೆಲ್‌ಗಳನ್ನು ಹರಾಜು ಹಾಕಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಆಗಸ್ಟ್‌ನಲ್ಲಿ. ಹಾಸನ, ಮಡಿಕೇರಿ, ಚಿತ್ರದುರ್ಗ, ಕಾರವಾರದಂಥ ಕಡೆ ಆಕಾಶವಾಣಿಯ ಎಫ್‌ಎಂ ಎಷ್ಟೋ ವರ್ಷಗಳಿಂದ ಮನೆಮಾತು.

ಸಮುದಾಯ ಬಾನುಲಿಯ ಸಂಗತಿ ಇನ್ನೂ ಚೆನ್ನಾಗಿದೆ. ಸಂಘ ಸಂಸ್ಥೆಗಳಿಗೂ ಬಾನುಲಿ ನಡೆಸಲು ಅವಕಾಶ ಕೊಟ್ಟ 2006ರ ಮಾರ್ಗಸೂಚಿಯಲ್ಲೇ, ಸ್ಥಳೀಯ ವ್ಯಾಪಾರ ಮತ್ತು ಸೇವೆಗಳ ಜಾಹೀರಾತಿಗೆ ಅನುಮತಿ ಉಂಟು ಎಂದು ಬರೆದಿದೆ. ಆಗ ಗಂಟೆಗೆ ಐದು ನಿಮಿಷ ಇತ್ತು. ಆಮೇಲೆ ಏಳಾಯಿತು. 2024ರ ಫೆಬ್ರವರಿಯಲ್ಲಿ ಹನ್ನೆರಡಾಯಿತು. ಅದೇ ವೇಳೆ ಇಂಥ ಕೇಂದ್ರಗಳ ಜಾಹೀರಾತಿನ ಮೂಲದರವನ್ನು ಸರ್ಕಾರ ಹತ್ತು ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿಸಿತು. ಹಿಂದಿನ ಲೆಕ್ಕವನ್ನೇ ಈ ದರದಲ್ಲಿ ಹಾಕಿದರೆ ಜಿಎಸ್‌ಟಿ ಬಿಟ್ಟು ತಿಂಗಳಿಗೆ 26,640. ಸ್ಥಳೀಯರಿಗೆ ಎಷ್ಟು ಎನ್ನುವುದನ್ನು ಆಯಾ ಕೇಂದ್ರದಲ್ಲಿ ಕೂತು ಮಾತಾಡಬೇಕು. ಸರಗೂರಿನ 'ಜನಧ್ವನಿ', ಮಂಗಳೂರಿನ 'ರೇಡಿಯೊ ಸಾರಂಗ್', ಮಣಿಪಾಲದ 'ರೇಡಿಯೊ ಮಣಿಪಾಲ್' ಇಂಥವು.

"ಅದು ಬರೀ ಹತ್ತು ಕಿಲೋಮೀಟರು ಕೇಳ್ಸೋದು ಅಕ್ಕಾ" ಎಂದ ಹುಡುಗ. ಇವುಗಳಿಗೆ ಅನುಮತಿ ಇರುವುದು 100 ವ್ಯಾಟ್ ಶಕ್ತಿಗೆ, ಸೀಮೆ ಸಣ್ಣದೇ. ಆದರೆ ನಮ್ಮ ಮೈಸೂರಲ್ಲೇ ಮಹಾರಾಜ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಇಡೀ ದೇಶ ಈಗ ಬಳಸುವ 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ನಿಲಯದ್ದು. ಹತ್ತು ಕಿಲೋಮೀಟರಿನೊಳಗೆ ಎಷ್ಟು ಸಂಪುಗಳಿರಬಹುದು ಎಂದು ಕೇಳಿದ್ದಕ್ಕೆ ಅವನೇ ನಕ್ಕ.

"ಒಂದು ವಾರ ಹಾಕಿ ನೋಡೋಣ"

ಒಂದು ವಾರದಲ್ಲಿ ಏನೂ ತಿಳಿಯುವುದಿಲ್ಲ. ಮೊದಲ ಸಲ ಕೇಳಿದಾಗ ಅದು ಜಾಹೀರಾತು ಎಂದಷ್ಟೇ ಗೊತ್ತಾಗುತ್ತದೆ. ನಾಲ್ಕನೇ ಸಲ ಸಂಪಿನ ವಿಷಯ ಎಂದು ತಿಳಿಯುತ್ತದೆ. ಹೆಸರು ನಾಲಿಗೆಗೆ ಬರಬೇಕಾದರೆ ಅದೇ ಮನುಷ್ಯರ ಕಿವಿಗೆ ಮತ್ತೆ ಮತ್ತೆ ಬೀಳಬೇಕು. ಇರುವ ಹಣವನ್ನು ಮೂರು ಸ್ಟೇಷನ್ನಿಗೆ ಹಂಚಿ ಹದಿನೈದು ದಿನ ಹಾಕಿಸುವುದಕ್ಕಿಂತ, ಒಂದೇ ಸ್ಟೇಷನ್, ಒಂದೇ ಹೊತ್ತು, ಮೂರು ತಿಂಗಳು ಎಂದು ಹಿಡಿಯಿರಿ. ದಿನಾ ಬೆಳಿಗ್ಗೆ ಎಂಟರ ಆಸುಪಾಸಿಗೆ ಎರಡೇ ಸಲ ಬಂದರೂ ಸಾಕು, ಅಡುಗೆಮನೆಯವರಿಗೆ ಅದು ಪರಿಚಯದ ದನಿಯಾಗುತ್ತದೆ. ಹೊತ್ತು ಗೊತ್ತುಮಾಡದ ಸ್ಪಾಟ್ ಅಗ್ಗಕ್ಕೆ ಸಿಗುತ್ತದೆ, ಜಾಗ ಖಾಲಿ ಇದ್ದಲ್ಲಿ ಸ್ಟೇಷನ್ನಿನವರು ತುಂಬುತ್ತಾರೆ. ರಾತ್ರಿ ಹನ್ನೊಂದಕ್ಕೂ ಹೋಗಬಹುದು. ಯಾವ ದಿನ ಎಷ್ಟು ಹೊತ್ತಿಗೆ ಪ್ರಸಾರವಾಯಿತು ಎಂಬ ಪಟ್ಟಿಯನ್ನು ಬಿಲ್ಲಿನ ಜೊತೆ ಕೇಳಿ ಪಡೆಯಿರಿ. ಕೊಡುವುದು ಅವರ ಕರ್ತವ್ಯ, ನಾಚಿಕೊಳ್ಳಬೇಡಿ.

"ಕೊಟ್ಟ ಕಾಸಿಗೆ ಎಲ್ಲಾನೂ ಹೇಳಿಬಿಡಬೇಕು"

ಹುಡುಗ ಬರೆದು ತಂದ ಕಾಗದ ಇನ್ನೂ ನನ್ನ ಹತ್ತಿರ ಇದೆ. ಅತ್ಯಾಧುನಿಕ ಯಂತ್ರೋಪಕರಣ, ನುರಿತ ಸಿಬ್ಬಂದಿ, ಕೈಗೆಟುಕುವ ದರ, ಸಂಪು, ಓವರ್‌ಹೆಡ್ ಟ್ಯಾಂಕು, ಸಿಂಟೆಕ್ಸು, ಅಪಾರ್ಟ್‌ಮೆಂಟು, ಹಾಸ್ಟೆಲ್ಲು, ಕ್ರಾಸ್ ನಂಬರಿನ ಸಮೇತ ವಿಳಾಸ, ಎರಡು ಮೊಬೈಲ್ ನಂಬರು. ಓದಲು ಐವತ್ತು ಸೆಕೆಂಡು ಬೇಕಾಯಿತು. ಓದಿ ಮುಗಿಸಿ ನನಗೇ ಏನೂ ನೆನಪುಳಿಯಲಿಲ್ಲ. ಕರಪತ್ರವಾದರೆ ಎತ್ತಿಟ್ಟುಕೊಂಡು ಮತ್ತೆ ಓದಬಹುದು. ರೇಡಿಯೊದ ಮಾತು ಆಡಿದ ಕ್ಷಣಕ್ಕೇ ಹೋಯಿತು.

ಕಡೆಗೆ ಉಳಿಸಿಕೊಂಡದ್ದು ಇಷ್ಟು. ಸಂಪಿನ ಕಬ್ಬಿಣದ ಮುಚ್ಚಳ ಎಳೆದ ಸದ್ದು. ಹೆಂಗಸೊಬ್ಬರ ದನಿ: "ರೀ, ನಮ್ಮ ಸಂಪು ತೊಳೆಸಿ ಎಷ್ಟು ದಿನ ಆಯ್ತು?" ಗಂಡಸಿನ ದನಿಯಿಲ್ಲ, ಎರಡು ಸೆಕೆಂಡು ಮೌನ, ಒಂದು ಹನಿ ತೊಟ್ಟಿಕ್ಕುವ ಸದ್ದು. ಆಮೇಲೆ ಅವನ ಹೆಸರು, ನಂಬರು, ಮತ್ತೊಮ್ಮೆ ಹೆಸರು. ಆ ಮೌನಕ್ಕೂ ದುಡ್ಡು ಕೊಡಬೇಕಾ ಎಂದು ಕೇಳಿದ. ಆ ಎರಡು ಸೆಕೆಂಡಿನಲ್ಲೇ ಕೇಳುವವರು ತಮ್ಮ ಮನೆಯ ಸಂಪನ್ನು ನೆನೆಯುವುದು ಎಂದೆ.

ಹೆಸರನ್ನೂ ಬದಲಿಸಬೇಕಾಯಿತು. ಬೋರ್ಡಿನಲ್ಲಿದ್ದದ್ದು ಮನೆದೇವರ ಮತ್ತು ಮಗಳ ಹೆಸರಿನಿಂದ ಆಯ್ದ ನಾಲ್ಕು ಇಂಗ್ಲಿಷ್ ಅಕ್ಷರ. ಕಿವಿಗೆ ಅದು ನಿಲ್ಲಲೇ ಇಲ್ಲ. ಬೋರ್ಡು ಹಾಗೇ ಇದೆ. ರೇಡಿಯೊಗೆ ಮಾತ್ರ ಅವನ ಕೆಲಸವೇ ಹೆಸರಾಗಿರುವ ಎರಡು ಕನ್ನಡ ಪದ. ನಂಬರ್ ಒಂದೇ, ಎರಡೆರಡು ಅಂಕಿಯಾಗಿ ನಿಧಾನಕ್ಕೆ. ಮೂವತ್ತು ಸೆಕೆಂಡಿನಲ್ಲಿ ಅರವತ್ತು ಪದ ಮೀರಿದರೆ ಕನ್ನಡ ಕನ್ನಡದಂತೆ ಕೇಳುವುದಿಲ್ಲ, ಇದು ಮೈಕಿನ ಮುಂದೆ ಕೂತು ನಾನು ಕಂಡುಕೊಂಡದ್ದು.

ಇನ್ನೆರಡು, ಬೇಗ

ಹಿಟ್ ಆದ ಸಿನಿಮಾ ಹಾಡಿನ ಟ್ಯೂನಿಗೆ ನಮ್ಮ ಮಾತು ಸೇರಿಸಬಹುದು ಎನ್ನುತ್ತಾರೆ. ಹಕ್ಕುದಾರರ ಅನುಮತಿ ಇಲ್ಲದೆ ಆಗದು. ಸ್ಟೇಷನ್ ಆ ಹಾಡನ್ನು ದಿನಾ ಹಾಕುತ್ತದೆ ಎಂದಮಾತ್ರಕ್ಕೆ ಜಾಹೀರಾತಿಗೆ ಅದು ಪುಕ್ಕಟೆಯಲ್ಲ. ಜಿಂಗಲ್ ಇಲ್ಲದಿದ್ದರೂ ನಷ್ಟವಿಲ್ಲ. "ಮೈಸೂರಿನ ನಂಬರ್ ಒನ್" ಎಂದು ಸೇರಿಸಿ ಎಂದೂ ಕೇಳಿದ್ದ. ತೋರಿಸಲು ಆಧಾರವಿಲ್ಲದ್ದನ್ನು ಹೇಳಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡವಿದೆ.

"ಫೋನ್ ಬರಲಿಲ್ಲ, ದುಡ್ಡು ನೀರುಪಾಲು"

ಪ್ರಸಾರ ಶುರುವಾಗಿ ಹತ್ತನೇ ದಿನ ಹುಡುಗ ಬಂದ, ಮುಖ ಸಣ್ಣದಾಗಿತ್ತು. "ಒಂದೂ ಕಾಲ್ ಇಲ್ಲ ಅಕ್ಕಾ." ಫೋನ್ ತೆಗೆದು ನೋಡಿದೆ. ಮಿಸ್ಡ್ ಕಾಲ್‌ಗಳ ಪಟ್ಟಿಯಲ್ಲಿ ಗೊತ್ತಿಲ್ಲದ ನಂಬರುಗಳು, ಹೆಚ್ಚಿನವು ಬೆಳಿಗ್ಗೆ ಎಂಟರಿಂದ ಹತ್ತರೊಳಗೆ. ಆ ಹೊತ್ತಿನಲ್ಲಿ ಅವನು ಯಾರದೋ ಮನೆಯ ಸಂಪಿನೊಳಗೆ ಮೊಣಕಾಲು ನೀರಿನಲ್ಲಿ ನಿಂತಿರುತ್ತಾನೆ, ಫೋನು ಆಟೊದಲ್ಲಿ. ಮಧ್ಯಾಹ್ನ ಆ ನಂಬರುಗಳಿಗೆ ವಾಪಸ್ ಮಾಡಬೇಕು ಎಂದು ಅವನಿಗೆ ಹೊಳೆದಿರಲಿಲ್ಲ. ರೇಡಿಯೊ ತನ್ನ ಕೆಲಸ ಮಾಡಿತ್ತು. ಮಾರನೇ ದಿನದಿಂದ ಫೋನನ್ನು ಮನೆಯಲ್ಲಿ ಹೆಂಡತಿಯ ಕೈಗೆ ಕೊಟ್ಟು ಹೊರಟ.

ಆಕೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿದಳು: ತಾರೀಖು, ಬಡಾವಣೆ, ದರ, ನಮ್ಮ ವಿಷಯ ಎಲ್ಲಿ ಗೊತ್ತಾಯಿತು. ಕೊನೆಯ ಕಾಲಂನಲ್ಲಿ "ರೇಡಿಯೊ" ಎಂದು ಬರೆದದ್ದು ಕಡಿಮೆ. "ಪಕ್ಕದ ಮನೆಯವರು", "ಬೀಗರು", "ಯಾರೋ ಅಂದರು" ಎಂಬವೇ ಜಾಸ್ತಿ. ಇದನ್ನು ನೋಡಿಯೇ ಅನೇಕರು ರೇಡಿಯೊ ನಿಲ್ಲಿಸಿಬಿಡುತ್ತಾರೆ. ಇನ್ನೊಂದು ಮಾತು ಕೇಳಿ ನೋಡು ಎಂದೆ, ಆ ಪಕ್ಕದ ಮನೆಯವರಿಗೆ ಹೇಗೆ ಗೊತ್ತಾಯಿತಂತೆ? ಈಗ ಆ ಕಾಲಂ ಅಗಲವಾಗಿದೆ. ಮೊನ್ನೆ ನೋಡಿದಾಗ ಒಂದು ಸಾಲು ಹೀಗಿತ್ತು: "ಯಾದವಗಿರಿ. ಹೇಳಿದ್ದು ನಾದಿನಿ. ನಾದಿನಿಗೆ ಹೇಳಿದ್ದು ಇಸ್ತ್ರಿಯವನು."