ಎರಡು ಮಂಚದಗಲದ ತೋಟ

ದುಡಿಯುವ ಜನರಿಗೆ ತರಕಾರಿ ಬೆಳೆಯಲು ತುಂಡುನೆಲವನ್ನು ಬಾಡಿಗೆಗೆ ಒದಗಿಸುವ ಹೊಣೆಯನ್ನು ಇಂಗ್ಲೆಂಡಿನಲ್ಲಿ 1908ರ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ಒಂದು ತುಂಡಿಗೆ ಸುಮಾರು 250 ಚದರ ಮೀಟರು ಅಲ್ಲಿಯ ರೂಢಿಯ ಅಳತೆ. ಮುಂಬಯಿಯ ನಮಗೆ ಅಂಥ ಭಾಗ್ಯವೆಲ್ಲಿ! ಚಾಳಿನ ಹಿಂದೆ ಎರಡು ಮಂಚದಗಲದ ನೆಲ ದೊರೆತುದೇ ದೊಡ್ಡದು.

ಜೂನ್ ಮಧ್ಯದಲ್ಲಿ ಮಳೆ ಹಿಡಿದೊಡನೆ ಬೆಂಡೆ, ಹೀರೆಗಳ ಬೀಜ ಊರುತ್ತೇವೆ. ಜುಲೈಯ ಜಡಿಮಳೆಗೆ ನೀರು ನಿಂತರೆ ಬೇರು ಕೊಳೆಯುವುದು. ಆದ್ದರಿಂದ ಏರುಮಡಿಯೇ ಲೇಸು. ದೀಪಾವಳಿ ಕಳೆದ ಮೇಲೆ ಮೂಲಂಗಿ, ಕೊತ್ತಂಬರಿ, ಮೆಂತೆಗಳ ಸರದಿ. ಮೆಂತೆಯ ಸೊಪ್ಪಂತೂ ಸುಮಾರು ಒಂದು ತಿಂಗಳಿಗೆ ಕೈಗೆ ಬರುವುದು. ಬೇಸಗೆಯಲ್ಲಿ ನಲ್ಲಿಯ ನೀರಿಗೇ ತತ್ವಾರ. ಆಗ ಹೋಟೆಲಿನ ಅಡಿಗೆಮನೆಯಿಂದ ತಂದ ಅಕ್ಕಿ ತೊಳೆದ ನೀರೇ ಹರಿವೆಗೂ, ಊರಿನಿಂದ ತಂದು ನೆಟ್ಟ ಬಸಳೆಗೂ ಆಧಾರ.

ಈ ವರ್ಷ ಚಾಳನ್ನು ಕೆಡಹುವರೆಂಬ ಸುದ್ದಿಯಿದೆ. ತೋಟವನ್ನು ಹೊತ್ತೊಯ್ಯಲು ಬಾರದು. ಆದರೆ ಬಸಳೆಯ ದಂಟನ್ನು ಗೇಣುದ್ದಕ್ಕೆ ತುಂಡರಿಸಿ, ಎಣ್ಣೆಯ ಹಳೆಯ ಡಬ್ಬಿಗಳಲ್ಲಿ ನೆಟ್ಟಿದ್ದೇವೆ. ಊರು ಬಿಟ್ಟು ಬಂದು ಒಮ್ಮೆ ಬೇರೂರಿದ ಬಳ್ಳಿ, ಮತ್ತೊಂದೆಡೆಯಲ್ಲಿ ಚಿಗುರಲಾರದೇ?