ನಿಮಗಿದು ಗೊತ್ತೆ? ಲೇಹ್‌ನಲ್ಲಿ ಏದುಸಿರೇಕೆ
ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವಿಮಾನ ಇಳಿದವರಿಗೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು. ಹಾಗೆಂದು ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯೇನಲ್ಲ. ಎಲ್ಲ ಕಡೆಯಂತೆ ಶೇ 21. ಇಳಿದಿರುವುದು ಗಾಳಿಯ ಒತ್ತಡ. ಕಡಲತೀರದಲ್ಲಿ ಇರುವುದರ ಮೂರನೇ ಎರಡರಷ್ಟು ಮಾತ್ರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಹೆಚ್ಚುಕಡಿಮೆ ಅಷ್ಟೇ. ಕೂಡಲೇ ಉಸಿರಾಟ, ಎದೆಬಡಿತ ಜೋರಾಗುತ್ತವೆ. ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸಿದರೆ ಗಾಬರಿ ಬೇಡ, ಮೈ ಒಗ್ಗಿಕೊಳ್ಳುವ ಬಗೆ ಅದು. ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಹಾರ್ಮೋನು ಸ್ರವಿಸಿ ಹೆಚ್ಚು ಕೆಂಪು ರಕ್ತಕಣ ಮಾಡಿಸುತ್ತವೆ. ಅದಕ್ಕೆ ವಾರಗಳೇ ಬೇಕು; ಕಣಗಳು ಹೆಚ್ಚಿದಂತೆ ರಕ್ತ ಮಂದವಾಗುತ್ತದೆ. ಸೋಜಿಗವೆಂದರೆ, ಎತ್ತರದಲ್ಲೇ ಹುಟ್ಟಿ ಬೆಳೆದ ಟಿಬೆಟನ್ನರ ರಕ್ತ ಇಷ್ಟು ಮಂದವಾಗುವುದಿಲ್ಲ. ಅವರನ್ನು ಕಾಪಾಡುವ ಇಪಿಎಎಸ್‌1 ಜೀನ್‌ನ ವಿಶಿಷ್ಟ ರೂಪ ಬಂದದ್ದು ಅಳಿದುಹೋದ ಡೆನಿಸೋವನ್ ಮಾನವರಿಂದ! ನೀವು ಲೇಹ್‌ಗೆ ಹೊರಟಿದ್ದರೆ ಮೊದಲೆರಡು ದಿನ ಸುಮ್ಮನೆ ವಿಶ್ರಾಂತಿ ಪಡೆಯಿರಿ.