ಮೂರ್ಛೆರೋಗವೂ ಸುಣ್ಣದ ಕಣವೂ

ಪಾಠ ನಡೆದಿರುವಾಗ ಹುಡುಗನೊಬ್ಬ ಬೆಂಚಿನಿಂದ ಉರುಳಿಬಿದ್ದು ಕೈಕಾಲು ಸೆಟೆದುಕೊಂಡರೆ ಏನಾಗುವುದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಕೀಲಿಕೈ ತಂದು ಅಂಗೈಗೆ ತುರುಕಿದ. ಇನ್ನೊಬ್ಬ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದ. 'ಗಾಳಿ ಸೋಕಿದೆ' ಎಂದು ಮತ್ತೊಬ್ಬ ಪಿಸುಗುಟ್ಟಿದ. ಎರಡು ನಿಮಿಷಗಳಲ್ಲಿ ಸೆಳೆತ ತಾನಾಗಿಯೇ ನಿಂತು ಹುಡುಗ ಎಚ್ಚತ್ತ. ಆದರೆ ಮಾರನೆಯ ದಿನದಿಂದ ಅವನ ಪಕ್ಕದಲ್ಲಿ ಕೂಡ್ರುವವರಿರಲಿಲ್ಲ. ರೋಗಕ್ಕಿಂತ ದೊಡ್ಡ ಪೆಟ್ಟು ಅದು.

ನಮ್ಮ ಪ್ರಾಚೀನರು ಇದನ್ನು ಅಪಸ್ಮಾರವೆಂದರು. ಸ್ಮೃತಿ ಜಾರುವುದೆಂದು ಅರ್ಥ. ಚರಕಸಂಹಿತೆಯಲ್ಲಿ ಇದರ ನಿದಾನ ಚಿಕಿತ್ಸೆಗಳಿಗೆ ಅಧ್ಯಾಯಗಳೇ ಮೀಸಲಾಗಿವೆ. ಇದಕ್ಕೆ ಮದ್ದು ಮಾಡಬೇಕೆಂಬುದನ್ನು ವೈದ್ಯರು ಅಂದೇ ಬಲ್ಲರು. ಇಂದಿನ ವಿಜ್ಞಾನವು ಈ ರೋಗದ ಮೂಲವನ್ನು ಅರಸುತ್ತ ನರಕೋಶದ ಒಳಹೊಕ್ಕಿದೆ. ಅಲ್ಲಿ ಕಂಡುಬಂದ ಕಾರಣಗಳು ಹಲವು; ಅವುಗಳಲ್ಲೊಂದು ನಮಗೆ ತೀರ ಪರಿಚಿತವಾದ ವಸ್ತು.

ಎಲೆಯಡಿಕೆಯ ಸುಣ್ಣದಲ್ಲಿಯೂ ನಮ್ಮ ಎಲುಬುಗಳಲ್ಲಿಯೂ ಇರುವ ಧಾತು ಕ್ಯಾಲ್ಸಿಯಂ. ಎಲುಬನ್ನು ಗಟ್ಟಿಗೊಳಿಸುವ ಈ ಧಾತುವಿಗೆ ಮೆದುಳಿನಲ್ಲಿ ಬೇರೊಂದು ಉದ್ಯೋಗವುಂಟು. ಅದು ಸುದ್ದಿ ಮುಟ್ಟಿಸುವುದು.

ಒಂದೊಂದು ನರಕೋಶವನ್ನೂ ಅಗಸಿಯುಳ್ಳ ಒಂದೊಂದು ಊರೆಂದು ಭಾವಿಸಿರಿ. ಅಗಸಿಯ ಹೊರಗೆ ಕ್ಯಾಲ್ಸಿಯಂ ಕಣಗಳ ಜಂಗುಳಿ. ಒಳಗೆ ಅದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ವಿದ್ಯುತ್ಸಂಕೇತವು ನರದ ತುದಿಯನ್ನು ಮುಟ್ಟಿದೊಡನೆ ಅಗಸಿ ಕ್ಷಣಮಾತ್ರ ತೆರೆಯುವುದು, ಕಣಗಳು ಒಳನುಗ್ಗುವುವು, ಅದೇ ಡಂಗುರ. ಅದನ್ನು ಕೇಳಿ ಅಲ್ಲಿಯ ಪುಟ್ಟ ಚೀಲಗಳೊಳಗಿನ ರಾಸಾಯನಿಕವು ಹೊರಬಿದ್ದು ನೆರೆಯ ಕೋಶಕ್ಕೆ ಸುದ್ದಿ ಮುಟ್ಟಿಸುವುದು. ಬಳಿಕ ಕಣಗಳನ್ನು ಹೊರನೂಕಲಾಗುವುದು, ಊರು ಶಾಂತವಾಗುವುದು. ಆದರೆ ಸಾವಿರಾರು ಊರುಗಳ ಡಂಗುರ ಏಕಕಾಲಕ್ಕೆ, ಎಡೆಬಿಡದೆ ಬಡಿಯತೊಡಗಿದರೆ? ಅದೇ ಮೂರ್ಛೆಯ ಸೆಳೆತ.

ತಲೆಗೆ ಬಲವಾದ ಪೆಟ್ಟು ಬಿದ್ದಾಗ, ಅಥವಾ ಸೆಳೆತ ಬಹಳ ಹೊತ್ತು ನಿಲ್ಲದಿದ್ದಾಗ, ಅಗಸಿ ತೆರೆದೇ ಉಳಿದು ಕಣಗಳು ಪ್ರವಾಹದಂತೆ ಒಳಸೇರುವುವು. ಕೆಲವು ಕೋಶಗಳು ಸಾಯುವುವು. ಬದುಕಿ ಉಳಿದವುಗಳಲ್ಲಿ ಕ್ಯಾಲ್ಸಿಯಂ ವಾರಗಟ್ಟಲೆ ಹೆಚ್ಚಾಗಿಯೇ ಇರುವುದನ್ನು ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಕಂಡಿದ್ದಾರೆ. ಆ ಹೆಚ್ಚಳವು ಕೋಶಗಳ ನಡತೆಯನ್ನೂ ಪರಸ್ಪರ ಸಂಬಂಧವನ್ನೂ ಮಾರ್ಪಡಿಸುವುದು. ಪೆಟ್ಟು ಬಿದ್ದ ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ, ಮೂರ್ಛೆ ತಲೆದೋರುವುದಕ್ಕೆ ಇದೂ ಒಂದು ಕಾರಣವೆಂದು ಸಂಶೋಧಕರು ಎಣಿಸುತ್ತಾರೆ.

ಇನ್ನೊಂದು ಬಗೆಯುಂಟು. ಮಗುವು ಬೀಳುವುದಿಲ್ಲ, ಕೆಲವು ಸೆಕೆಂಡು ಶೂನ್ಯದೃಷ್ಟಿಯಿಂದ ನೋಡಿ, ಏನೂ ಆಗದವರಂತೆ ಮತ್ತೆ ಬರೆಯತೊಡಗುವುದು. ಮೆದುಳಿನ ನಡುವಿನ ಥಲಾಮಸ್ ಎಂಬ ಭಾಗದ ಒಂದು ಜಾತಿಯ ಕ್ಯಾಲ್ಸಿಯಂ ಬಾಗಿಲುಗಳು ಇದಕ್ಕೆ ಹೊಣೆ. ಎಥೊಸಕ್ಸಿಮೈಡ್ ಎಂಬ ಔಷಧವು ಆ ಬಾಗಿಲುಗಳನ್ನೇ ತಡೆಯುವುದು. ಇದನ್ನರಿಯದೆ ಅಂಥದೊಂದು ಮಗುವನ್ನು 'ಎಲ್ಲಿದೆ ನಿನ್ನ ಲಕ್ಷ್ಯ?' ಎಂದು ನಾನೇ ಗದರಿಸಿದ್ದುಂಟು. ಅಧ್ಯಾಪಕ ಮಿತ್ರರು ಇದನ್ನು ಗಮನಿಸಬೇಕು.

ಹಾಗಾದರೆ ಹಾಲು, ಸುಣ್ಣ ಬಿಡಬೇಕೆ? ಬೇಡ. ಕೆಟ್ಟಿರುವುದು ಬಾಗಿಲೇ ಹೊರತು ಊಟವಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆಯಾದರೂ ಸೆಳೆತ ಬರುವುದುಂಟು. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು.

ಮಾಡತಕ್ಕದ್ದು ಇಷ್ಟೇ. ಬಿದ್ದವರನ್ನು ಒಂದು ಮಗ್ಗುಲಿಗೆ ಹೊರಳಿಸಿರಿ, ಕೊರಳ ಗುಂಡಿ ಸಡಿಲಿಸಿರಿ, ಬಾಯಲ್ಲಿ ಏನನ್ನೂ ಇಡಬೇಡಿರಿ, ಗಡಿಯಾರ ನೋಡಿರಿ. ಸೆಳೆತ ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೇಲೆ ಹೇಳಿದ ಪ್ರವಾಹಕ್ಕೆ ಎಡೆಗೊಡಬಾರದು. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿರಿ. ದುಬಾರಿಯಲ್ಲದ ಗುಳಿಗೆಗಳಿಂದಲೇ ಹಳ್ಳಿಗಳಲ್ಲಿ ಈ ರೋಗವನ್ನು ಹತೋಟಿಗೆ ತರಬಹುದೆಂಬುದನ್ನು ನಮ್ಮ ನಾಡಿನ ಯಳಂದೂರಿನಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ. ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಮೂರ್ಛೆರೋಗದ ಅಡ್ಡಿಯನ್ನೂ 1999ರಲ್ಲಿ ತೆಗೆದುಹಾಕಲಾಗಿದೆ. ಇನ್ನು ತೆಗೆಯಬೇಕಾದದ್ದು ನಮ್ಮ ಮನದೊಳಗಿನ ಅಡ್ಡಿ.

ನಮ್ಮ ಕಣಗಿನಹಾಳ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿದ ಊರು. ಒಬ್ಬನ ಕಷ್ಟಕ್ಕೆ ಹತ್ತು ಜನ ಹೆಗಲು ಕೊಡುವುದನ್ನು ಅಂದೇ ಕಲಿತವರು, ಬಿದ್ದೆದ್ದ ಹುಡುಗನ ಪಕ್ಕದಲ್ಲಿ ಕೂಡ್ರುವುದನ್ನು ಕಲಿಯಲಾರರೆ?